ಅಜ್ಜನ ಕಂಬಳಿಯಿಂದ ಶುರು ಮಾಡಿ

ನಮಸ್ಕಾರ.

ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ. ಯಾಕೆಂದರೆ ನಾಲ್ಕನೇ ಪುಟದಲ್ಲಿ ನಿಮ್ಮ ಅಜ್ಜ ಇದ್ದಾರೆ.

ಮೊದಲು ತಕರಾರು. ಇಡಗುಂಜಿ ಮೇಳ ಕಟ್ಟಿದ್ದು ಶಂಭು ಹೆಗಡೆ ಎಂದು ಬರೆದಿದ್ದೀರಿ. ಕಟ್ಟಿದ್ದು ಅವರ ತಂದೆ ಶಿವರಾಮ ಹೆಗಡೆಯವರು, 1934ರಲ್ಲಿ. ಹೊನ್ನಾವರದವರೇ ಆಗಿ ಇದನ್ನು ತಪ್ಪಿದಿರಲ್ಲ ಮಾರಾಯರೇ! ಇನ್ನು 'ಮೇರು ನಟ', 'ನಾಟ್ಯ ಮಾಂತ್ರಿಕ' ಇತ್ಯಾದಿ. ಮೊದಲ ಪುಟದಲ್ಲೇ ಹನ್ನೊಂದು ಬಿರುದು ಎಣಿಸಿದೆ. ಅಷ್ಟು ಶಾಲು ಹೊದಿಸಿದರೆ ಒಳಗಿನ ಮನುಷ್ಯ ಕಾಣುವುದಿಲ್ಲ. 2009ರಲ್ಲಿ ಇಡಗುಂಜಿಯಲ್ಲಿ ಅವರು ತೀರಿಕೊಂಡದ್ದೂ ಶುರುವಿನಲ್ಲಿ ಬೇಡ. ಎಲ್ಲರೂ ಅಲ್ಲಿಂದಲೇ ಹೊರಡುತ್ತಾರೆ.

'ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ಕೊರಿಯೋಗ್ರಫಿ ಕಲಿತರು' ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿಲ್ಲಬೇಕಿದ್ದದ್ದೇ ಅಲ್ಲಿ, ಅಲ್ವಾ? ಮಾಯಾ ರಾವ್ ಕಥಕ್ ಕಲಾವಿದೆ. ಕೊರಿಯೋಗ್ರಫಿ ಕಲಿಯಲು 1960ರ ದಶಕದಲ್ಲಿ ಮಾಸ್ಕೋಗೆ ಹೋಗಿದ್ದವರು. ಅಂದರೆ ಮಾಸ್ಕೋದ ಪಾಠ ದೆಹಲಿ ಸುತ್ತಿಕೊಂಡು ಮೇಳದ ಊರಾದ ಗುಣವಂತೆಗೆ ಬಂತು. ಬಯಲಾಟದಲ್ಲಿ ಕುಣಿದು ಬೆಳೆದವರು ಅದರಲ್ಲಿ ಯಾವುದನ್ನು ಊರಿಗೆ ತಂದರು, ಯಾವುದನ್ನು ಅಲ್ಲೇ ಬಿಟ್ಟರು? ನನಗೆ ಓದಬೇಕಿರುವುದು ಇದು.

ಅವರನ್ನು 'ನಿರ್ದೇಶಕ' ಎಂದೂ ಕರೆದಿದ್ದೀರಿ. ಆದರೆ ಆಟದಲ್ಲಿ ಪದ ಹಾಡುವ ಭಾಗವತರೇ ಒಂದನೇ ವೇಷ, ಅಂದರೆ ಎಲ್ಲರಿಗಿಂತ ಮುಖ್ಯ. ಪದ ಎಷ್ಟು ಎಳೆಯಬೇಕು, ಎಲ್ಲಿ ಮುಗಿಸಬೇಕು, ಎಲ್ಲ ಅವರ ಕೈತಾಳದಲ್ಲಿ. ಹೀಗಿರುವಾಗ ಕುಣಿಯುವವರು ನಿರ್ದೇಶಕರಾದರೆ ರಂಗದ ಮೇಲೆ ಯಾರ ಮಾತು ನಡೆಯುತ್ತದೆ? ಹಿಮ್ಮೇಳದ ಹಳಬರು ಯಾರಾದರೂ ಸಿಕ್ಕರೆ ಕೇಳಿ. ಜಗಳದ ಕಥೆ ಬಂದರೂ ಬರಲಿ.

ಈಗ ಅಜ್ಜ. ರಾತ್ರಿಯಿಡೀ ಆಟ ನೋಡಿ ರೂಢಿಯಾದವರು. ಈ ಮೇಳದ ಮೂರು ತಾಸಿನ ಆಟ ಮುಗಿದಾಗ, 'ಕಂಬಳಿ ಬೆಚ್ಚಗಾಗೂದ್ರೊಳಗೆ ಮಂಗಳ ಹಾಡಿಬಿಟ್ರಲ್ಲ' ಎಂದು ಗೊಣಗಿದರಂತೆ. ದಾರಿಯಲ್ಲಿ ಅವರೇ, 'ಆದ್ರೆ ಇವತ್ತು ಒಂದ್ ಪದಕ್ಕೂ ತೂಕಡಿಸ್ಲಿಲ್ಲ ನೋಡು' ಎಂದರಂತೆ. ಪ್ರಸಂಗವನ್ನು ಕಾಲಮಿತಿಗೆ ಇಳಿಸಿದ್ದು ಸರಿಯೋ ತಪ್ಪೋ ಎಂದು ನೀವು ಎರಡು ಪುಟ ಚರ್ಚಿಸಿದ್ದೀರಿ. ಈ ಎರಡು ಮಾತಿನ ಮುಂದೆ ಅದೆಲ್ಲ ಸುಮ್ನೆ. ಹೊಡೆದು ಹಾಕಿ.

ಒಂದು ದಿನ ಗುಣವಂತೆಗೆ ಹೋಗಿ ಬನ್ನಿ. 1986ರಲ್ಲಿ ಶಂಭು ಹೆಗಡೆಯವರು ಶುರು ಮಾಡಿದ, ಯಕ್ಷಗಾನ ಕಲಿಸುವ ಶ್ರೀಮಯ ಕೇಂದ್ರ ಇರುವುದು ಅಲ್ಲೇ. ಹೆಜ್ಜೆ ಹೇಳಿಕೊಡುವಾಗ ಸುಮ್ಮನೆ ಕೂತು ನೋಡಿ. ಕಂಡದ್ದನ್ನು ಬರೆಯಿರಿ.

ಸಾವಿರ ಪದಕ್ಕಿಂತ ಜಾಸ್ತಿ ಬೇಡ. ಪ್ರಶಸ್ತಿಗಳ ವಿವರ ಬೇಕಿದ್ದರೆ ನಾನೇ ಎರಡು ಸಾಲು ಸೇರಿಸಿಕೊಳ್ಳುತ್ತೇನೆ. ಸನ್ಮಾನದ ಫೋಟೊ ಬೇಡ, ಬಣ್ಣ ಹಚ್ಚಿಕೊಳ್ಳುವ ಚೌಕಿಯದ್ದು ಇದ್ದರೆ ಕಳಿಸಿ.

ಸಂಪಾದಕ, ಶಿರಸಿ