ಊರಿನ ಹೊಲ ಗುತ್ತಿಗೆಗೆ ಹೋದ ಮೇಲೆ ಮಣ್ಣು ನೋಡುವವರು ಯಾರು?

ಹೋದ ಸಂಚಿಕೆಯಲ್ಲಿ, ನಗರಸಭೆಯ ಒಡೆತನದ ಬೇಸಾಯದ ಜಮೀನನ್ನು ನೋಡಿಕೊಳ್ಳುವ ಕೆಲಸವನ್ನು ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಡುವುದರ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಗರಸಭೆಯ ಹೊಲಗಳನ್ನು ಇನ್ನು ಮುಂದೆ ಒಂದು ಖಾಸಗಿ ಸಂಸ್ಥೆ ನೋಡಿಕೊಳ್ಳುತ್ತದಂತೆ. ಇದು ಜಮೀನು ಮಾರಿದ ಹಾಗೇ ಅಲ್ವಾ?

ಉತ್ತರ: ಅಲ್ಲ. ಮಾರಾಟ ಬೇರೆ, ಗೇಣಿ ಬೇರೆ, ನಿರ್ವಹಣೆಯ ಗುತ್ತಿಗೆ ಬೇರೆ. ಮಾರಿದರೆ ಜಮೀನು ಕೈಬಿಟ್ಟು ಹೋಯಿತು. ಗೇಣಿಗೆ ಕೊಟ್ಟರೆ ರೈತ ನಗರಸಭೆಗೆ ಹಣ ಕಟ್ಟುತ್ತಾನೆ, ಬೆಳೆಯ ಲಾಭ ನಷ್ಟ ಅವನದು. ನಿರ್ವಹಣೆಯ ಗುತ್ತಿಗೆಯಲ್ಲಿ ಸಾಮಾನ್ಯವಾಗಿ ನಗರಸಭೆಯೇ ಸಂಸ್ಥೆಗೆ ಶುಲ್ಕ ಕೊಡುತ್ತದೆ. ಸಂಸ್ಥೆ ರೈತರನ್ನು ಹುಡುಕಬೇಕು, ಗೇಣಿ ವಸೂಲಿ ಮಾಡಬೇಕು, ಬೇಲಿ, ಕಾಲುವೆ, ಬದು ನೋಡಿಕೊಳ್ಳಬೇಕು, ಲೆಕ್ಕ ಒಪ್ಪಿಸಬೇಕು. ನೋಡಿಕೊಳ್ಳುವ ಕೆಲಸ ಅವರದು, ಒಡೆತನ ಊರಿನದು.

ಆದರೆ ನಿಮ್ಮ ಭಯಕ್ಕೆ ಕಾರಣ ಇಲ್ಲದಿಲ್ಲ. ಇಂಗ್ಲೆಂಡಿನಲ್ಲಿ ಕೌಂಟಿ ಕೌನ್ಸಿಲ್‌ಗಳ, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥ ಸ್ಥಳೀಯ ಆಡಳಿತಗಳ ಹೊಲಗಳಿವೆ. ಸ್ವಂತ ಜಮೀನಿಲ್ಲದ, ಬೇಸಾಯ ಶುರು ಮಾಡುವ ಆಸೆ ಇರುವ ಜನರಿಗೆ ಗೇಣಿಗೆ ಕೊಡಲಿಕ್ಕೆಂದೇ ಇಟ್ಟುಕೊಂಡು ಬಂದ ಹೊಲಗಳು ಅವು. 1908ರ ಸಣ್ಣ ಹಿಡುವಳಿಗಳ ಕಾಯ್ದೆಯಿಂದ ಅವಕ್ಕೆ ಬಲ ಬಂತು. 1970ರ ದಶಕದ ಕೊನೆಯಿಂದ 2017ರ ಹೊತ್ತಿಗೆ ಅವುಗಳ ವಿಸ್ತೀರ್ಣ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಖಜಾನೆ ಬರಿದಾದಾಗ ಮೊದಲು ಕಣ್ಣಿಗೆ ಬೀಳುವುದು ಇಂಥ ಜಮೀನೇ. ಹಾಗಾಗಿ, ಗುತ್ತಿಗೆ ಕೊಟ್ಟಿದ್ದೇವೆ ಅಂತ ನಗರಸಭೆಯವರು ಹೊಲದ ಕಡೆ ಹೋಗುವುದನ್ನೇ ನಿಲ್ಲಿಸಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಐದು ವರ್ಷ ಯಾರೂ ಕಾಲಿಡದ ಜಮೀನನ್ನು ಮಾರಲು ಸಭೆಯಲ್ಲಿ ಕೈ ಎತ್ತುವುದು ತುಂಬ ಸುಲಭ.

ಪ್ರಶ್ನೆ: ವಸೂಲಾದ ಗೇಣಿಯಲ್ಲಿ ಸಂಸ್ಥೆಗೆ ಶೇಕಡಾ ಇಷ್ಟು ಅಂತ ಕೊಡುವುದು ನ್ಯಾಯ ಅಲ್ವಾ? ದುಡಿದಷ್ಟು ಸಿಗುತ್ತದೆ.

ಉತ್ತರ: ಮೇಲ್ನೋಟಕ್ಕೆ ನ್ಯಾಯ. ಆದರೆ ಸಂಸ್ಥೆಯ ಜಾಗದಲ್ಲಿ ನಿಂತು ಯೋಚಿಸಿ. ಗೇಣಿ ಏರಿದಷ್ಟೂ ನಮ್ಮ ಪಾಲು ಏರುತ್ತದೆ ಅಂದಾಗ ಹತ್ತು ಸಣ್ಣ ರೈತರ ಹಿಂದೆ ಓಡಾಡುವುದಕ್ಕಿಂತ, ಎಲ್ಲ ತುಂಡುಗಳನ್ನೂ ಸೇರಿಸಿ ಒಬ್ಬ ದೊಡ್ಡ ಹಿಡುವಳಿದಾರನಿಗೆ ಕೊಟ್ಟುಬಿಡುವುದು ಅವರಿಗೆ ಲಾಭ. ಕೆಲಸ ಕಮ್ಮಿ, ದುಡ್ಡು ಜಾಸ್ತಿ. ಬದಲಿಗೆ ವರ್ಷಕ್ಕೆ ಇಂತಿಷ್ಟು ಅಂತ ನಿಗದಿ ಮಾಡಿದರೆ, ಎಷ್ಟು ಕಮ್ಮಿ ಓಡಾಡಿದರೆ ಅಷ್ಟು ಉಳಿಯಿತು ಅನ್ನುವ ಲೆಕ್ಕ ಬರುತ್ತದೆ. ಖರ್ಚಾದಷ್ಟು ಕೊಡುತ್ತೇವೆ, ಮೇಲೆ ಸ್ವಲ್ಪ ಲಾಭ ಸೇರಿಸುತ್ತೇವೆ ಅಂದರೆ ಖರ್ಚು ಬೆಳೆಯುತ್ತದೆ. ದೋಷವಿಲ್ಲದ ದಾರಿ ಇಲ್ಲ. ನನಗೆ ಸರಿ ಅನಿಸುವುದು ನಿಗದಿ ಶುಲ್ಕವೇ, ಆದರೆ ಅದರ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳಬೇಕು. ಕಾಲುವೆ ಹೂಳು ತೆಗೆದಿದ್ದಾರಾ, ಮಣ್ಣು ಪರೀಕ್ಷೆ ಮಾಡಿಸಿದ್ದಾರಾ, ರೈತರ ದೂರಿಗೆ ಉತ್ತರ ಕೊಟ್ಟಿದ್ದಾರಾ ಅಂತ ನಗರಸಭೆಯವರು ಜಮೀನಿಗೇ ಹೋಗಿ ನೋಡಿ ಬಂದ ಮೇಲೆ ಕೊಡಬೇಕು. ಕಚೇರಿಯಲ್ಲಿ ಕೂತು ವರದಿ ಓದಿ ಕೊಡುವುದಲ್ಲ.

ಪ್ರಶ್ನೆ: ಅತಿ ಹೆಚ್ಚು ಗೇಣಿ ಕೂಗಿದವರಿಗೆ, ಮೂರು ವರ್ಷದ ಅವಧಿಗೆ ಹೊಲ ಕೊಡುವುದು ಅಂತ ಟೆಂಡರ್‌ನಲ್ಲಿದೆ. ಜನರ ಆಸ್ತಿಯಿಂದ ಹೆಚ್ಚು ಹಣ ಬಂದರೆ ತಪ್ಪೇನು?

ಉತ್ತರ: ಹಣ ಬರುವುದರಲ್ಲಿ ತಪ್ಪಿಲ್ಲ. ಅದು ಎಲ್ಲಿಂದ ಬರುತ್ತಿದೆ ಅನ್ನುವುದೇ ಪ್ರಶ್ನೆ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಯಾಕೆಂದರೆ ಇಡೀ ವಿಷಯದ ಬೇರು ಇಲ್ಲಿದೆ.

ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಅದರ ಫಲ ಒಂದೇ ಬೆಳೆಗೆ ಮುಗಿಯುವುದಿಲ್ಲ, ಹಲವು ವರ್ಷ ಬರುತ್ತದೆ. ಕೊಟ್ಟಿಗೆ ಗೊಬ್ಬರವೂ ಹಾಗೇ, ಹಾಕಿದ ವರ್ಷ ಸ್ವಲ್ಪ, ಮುಂದಿನ ವರ್ಷಗಳಲ್ಲಿ ಉಳಿದದ್ದು. ನೀರು ನಿಲ್ಲುವ ಹೊಲಕ್ಕೆ ಬಸಿಗಾಲುವೆ ತೋಡಿದರೆ ಅದರ ಖರ್ಚು ತೀರುವುದಕ್ಕೇ ಹತ್ತಾರು ವರ್ಷ ಬೇಕಾಗಬಹುದು. ಮೂರು ವರ್ಷಕ್ಕೆ ಹೊಲ ಹಿಡಿದವನು, ಅದೂ ಹೆಚ್ಚು ಗೇಣಿ ಕೂಗಿ ಹಿಡಿದವನು, ಇದನ್ನೆಲ್ಲ ಯಾಕೆ ಮಾಡುತ್ತಾನೆ? ಮಾಡಿದರೆ ಅವನ ದುಡ್ಡು ಮುಂದಿನವನ ಪಾಲು. ಅವನು ಕೆಟ್ಟವನಲ್ಲ, ಕರಾರು ಅವನಿಗೆ ಹೇಳಿಕೊಟ್ಟದ್ದನ್ನೇ ಮಾಡುತ್ತಿದ್ದಾನೆ. ಮೊದಲ ವರ್ಷ ಮಣ್ಣಿನಲ್ಲಿ ಹಿಂದಿನವರು ಉಳಿಸಿದ ರಂಜಕ ಇರುತ್ತದೆ, ಇಳುವರಿ ಚೆನ್ನಾಗಿ ಬರುತ್ತದೆ. ಎರಡನೇ ವರ್ಷವೂ ನಡೆಯುತ್ತದೆ. ಮೂರನೇ ವರ್ಷ ಯೂರಿಯಾ ಒಂದನ್ನೇ ಎರಚಿ ಬೆಳೆ ತೆಗೆದು ಎದ್ದು ಹೋಗುತ್ತಾನೆ. ಲೆಕ್ಕಪತ್ರದಲ್ಲಿ ಮೂರು ವರ್ಷವೂ ಲಾಭ ಕಾಣುತ್ತದೆ. ಆ ಲಾಭದಲ್ಲಿ ಒಂದು ಪಾಲು ಊರಿನ ಮಣ್ಣನ್ನೇ ಮಾರಿ ಬಂದದ್ದು.

ಇಂಗ್ಲೆಂಡಿನಲ್ಲಿ ಈ ಚರ್ಚೆ ಈಗಲೂ ನಡೆಯುತ್ತಿದೆ. ಗೇಣಿ ಬೇಸಾಯದ ಬಗ್ಗೆ ಸರ್ಕಾರ ಮಾಡಿಸಿದ ರಾಕ್ ವರದಿ 2022ರಲ್ಲಿ ಬಂತು. ಅಲ್ಲಿನ 1995ರ ಬೇಸಾಯದ ಗೇಣಿ ಕಾಯ್ದೆಯ ಪ್ರಕಾರ ಮಾಡಿಕೊಳ್ಳುವ ಗೇಣಿ ಕರಾರುಗಳ ಸರಾಸರಿ ಅವಧಿ ನಾಲ್ಕು ವರ್ಷವೂ ಇಲ್ಲ ಅನ್ನುವುದನ್ನು ಅದು ದೊಡ್ಡ ತೊಂದರೆ ಅಂತ ಎತ್ತಿ ಹೇಳಿತು. ಎಂಟು ವರ್ಷ ಅಥವಾ ಅದಕ್ಕೂ ಉದ್ದದ ಕರಾರಿಗೆ ಪ್ರೋತ್ಸಾಹ ಕೊಡಿ ಅಂದಿತು. ನನ್ನ ಮಟ್ಟಿಗೆ, ಊರಿನ ಹೊಲವನ್ನು ಅಷ್ಟಕ್ಕಿಂತ ಕಡಿಮೆ ಅವಧಿಗೆ ಯಾರಿಗೂ ಕೊಡಬಾರದು. ಮಧ್ಯದಲ್ಲಿ ಸರಿ ಕಾಣದಿದ್ದರೆ ಬಿಡಿಸುವ ಷರತ್ತು ಇರಲಿ, ಆದರೆ ಒಳ್ಳೆಯ ರೈತನಿಗೆ ನಾಳೆಯ ಭರವಸೆ ಇರಬೇಕು. ಫ್ರಾನ್ಸಿನಲ್ಲಿ 2006ರಿಂದ ಗೇಣಿ ಕರಾರಿನಲ್ಲೇ ಪರಿಸರದ ಷರತ್ತು ಬರೆಯಲು ಕಾನೂನು ಅವಕಾಶ ಕೊಟ್ಟಿದೆ: ಹುಲ್ಲುಗಾವಲನ್ನು ಉಳಬಾರದು ಅನ್ನುವಂಥವು. ಇಂಥ ಷರತ್ತು ಬರೆದರೆ ಗೇಣಿ ಸ್ವಲ್ಪ ಕಮ್ಮಿ ಬರುತ್ತದೆ, ನಿಜ. ಆ ಕಮ್ಮಿಯನ್ನು ನಗರಸಭೆ ಒಪ್ಪಿಕೊಳ್ಳಬೇಕು.

ಪ್ರಶ್ನೆ: ನಾನು ನಗರಸಭೆಯ ಹೊಲದಲ್ಲೇ ಗೇಣಿಗೆ ಬೇಸಾಯ ಮಾಡುತ್ತಿದ್ದೇನೆ. ಈಗ ಹೊಸ ಸಂಸ್ಥೆ ಬರುತ್ತಿದೆ. ನಾನು ಹಾಕಿದ ಗೊಬ್ಬರ, ತೋಡಿಸಿದ ಕಾಲುವೆಗೆ ಬೆಲೆ ಇಲ್ವಾ?

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ಬೇಜಾರಾಯಿತು. ಬೆಲೆ ಇದೆ, ಇರಲೇಬೇಕು. ಇದು ಹಳೆಯ ಜಗಳ. ಇಂಗ್ಲೆಂಡಿನಲ್ಲಿ 1875ರ ಕಾಯ್ದೆ, ಗೇಣಿದಾರ ಬಿಟ್ಟು ಹೋಗುವಾಗ ಅವನು ಮಾಡಿದ ಸುಧಾರಣೆಯಲ್ಲಿ ಇನ್ನೂ ಉಳಿದಿರುವ ಪಾಲಿಗೆ ಪರಿಹಾರ ಕೊಡಬೇಕು ಅನ್ನುವುದನ್ನು ಒಪ್ಪಿತು. ಬಸಿಗಾಲುವೆಯಂಥ ಕೆಲಸಕ್ಕೆ 20 ವರ್ಷ, ಸುಣ್ಣಕ್ಕೆ 7 ವರ್ಷ, ಕೊಂಡು ತಂದ ಗೊಬ್ಬರಕ್ಕೆ 2 ವರ್ಷ ಅಂತ ಲೆಕ್ಕ ಹಾಕಿತು. ಆದರೆ ಜಮೀನುದಾರರಿಗೆ ಕರಾರಿನಲ್ಲಿ ಅದನ್ನು ತೆಗೆದುಹಾಕಲು ದಾರಿ ಬಿಟ್ಟಿತ್ತು, ಬಹಳ ಮಂದಿ ತೆಗೆದೂ ಹಾಕಿದರು. 1883ರಲ್ಲಿ ಆ ದಾರಿ ಮುಚ್ಚಿದರು.

ನೀವು ಈಗ ಮಾಡಬೇಕಾದ್ದು ಒಂದೇ. ಹೊಸ ಸಂಸ್ಥೆ ಬರುವ ಮೊದಲು ಏನೇನು, ಯಾವಾಗ, ಎಷ್ಟು ಹಾಕಿದಿರಿ ಅಂತ ಬರೆದು, ರಸೀದಿ, ಫೋಟೋ ಸೇರಿಸಿ ನಗರಸಭೆಗೇ ಕೊಡಿ, ಸ್ವೀಕೃತಿ ತಗೊಳ್ಳಿ. ಸಂಸ್ಥೆಗೆ ಕೊಟ್ಟರೆ ಸಾಲದು. ಅದು ಬದಲಾಗಬಹುದು, ಜಮೀನಿನ ಒಡೆಯ ಬದಲಾಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ? ನಗರಸಭೆಯೇ ಬೇಸಾಯ ಮಾಡಬಾರದಾ?

ಉತ್ತರ: ಮಾಡಬಹುದು. ಮಾಡಿ ತೋರಿಸಿದವರಿದ್ದಾರೆ. ಫ್ರಾನ್ಸಿನ ದಕ್ಷಿಣದಲ್ಲಿ ಮೂವಾನ್-ಸಾರ್ಟು ಅನ್ನುವ ಸಣ್ಣ ಪಟ್ಟಣ ಇದೆ. ಶಾಲೆಯ ಮಕ್ಕಳ ಊಟಕ್ಕೆ ಸಾವಯವ ತರಕಾರಿ ಬೇಕು ಅಂತ ಪಟ್ಟಣದವರೇ ಹೊಲ ಮಾಡಿಕೊಂಡರು. ಅಲ್ಲಿ ಬೇಸಾಯ ಮಾಡುವವರು ಪುರಸಭೆಯ ಸಂಬಳದ ನೌಕರರು. 2012ರಿಂದ ಅಲ್ಲಿನ ಶಾಲೆಗಳ ಊಟ ಪೂರ್ತಿ ಸಾವಯವ. ದಿನಕ್ಕೆ ಸುಮಾರು 1000 ಊಟಕ್ಕೆ ಬೇಕಾದ ತರಕಾರಿಯ ಬಹುಪಾಲು ಆ ಆರು ಹೆಕ್ಟೇರಿನಷ್ಟು ಜಮೀನಿನಿಂದಲೇ ಬರುತ್ತದೆ. ಜರ್ಮನಿಯ ಮ್ಯೂನಿಕ್ ನಗರವೂ ತನ್ನ ಫಾರ್ಮ್‌ಗಳನ್ನು ತಾನೇ ನಡೆಸುತ್ತದೆ.

ಇದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆದರೆ ಗಮನಿಸಿ, ಮೂವಾನ್-ಸಾರ್ಟುವಿನಲ್ಲಿ ಬೆಳೆದದ್ದು ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲೇ ಗೊತ್ತಿತ್ತು, ಅಡುಗೆಮನೆ ಕಾಯುತ್ತಿತ್ತು. ಎಲ್ಲೆಲ್ಲೋ ಚದುರಿದ ಸಾವಿರಾರು ಎಕರೆ ಇರುವ ನಗರಕ್ಕೆ, ಬೇಸಾಯ ಗೊತ್ತಿರುವ ಒಬ್ಬ ನೌಕರನೂ ಇಲ್ಲದ ನಗರಕ್ಕೆ ಅದು ಒಂದೇ ಸಲಕ್ಕೆ ಆಗುವ ಮಾತಲ್ಲ. ಅಂಥ ಕಡೆ ಕೆಲಸವನ್ನು ಗುತ್ತಿಗೆ ಕೊಡುವುದು ತಪ್ಪೇನಲ್ಲ. ಆದರೆ ಮಣ್ಣು ಬಲ್ಲ ಒಬ್ಬರಾದರೂ ನಗರಸಭೆಯ ಸಂಬಳದಲ್ಲೇ ಇರಬೇಕು, ತಿಂಗಳಿಗೆ ನಾಲ್ಕು ದಿನ ಹೊಲದಲ್ಲಿ ನಡೆಯುವವರು. ಅದೊಂದು ಹುದ್ದೆಯನ್ನೂ ಉಳಿತಾಯ ಅಂತ ತೆಗೆದ ದಿನ ಗುತ್ತಿಗೆಯ ಮೇಲಿನ ಹಿಡಿತ ತಪ್ಪುತ್ತದೆ, ಸಂಸ್ಥೆಯ ವರದಿಯನ್ನು ಸರಿ ತಪ್ಪು ಅನ್ನಲು ಗೊತ್ತಿರುವವರೇ ಕಚೇರಿಯಲ್ಲಿ ಉಳಿಯುವುದಿಲ್ಲ.

ಪ್ರಶ್ನೆ: ಹೊಲದಲ್ಲಿ ಕಾಡುಪ್ರಾಣಿ ಸೇರಿಕೊಂಡರೆ ಏನು ಮಾಡಬೇಕು ಅನ್ನುವುದನ್ನು ಸಂಸ್ಥೆಯೇ ತೀರ್ಮಾನಿಸಬಹುದಾ?

ಉತ್ತರ: ಬೇಡ. ಅಮೆರಿಕದ ಬೋಲ್ಡರ್ ನಗರದ ಜನ 1967ರಲ್ಲಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಂಡು ನಗರದ ಸುತ್ತ ಬಯಲು ಜಮೀನು ಕೊಳ್ಳಲು ಶುರು ಮಾಡಿದರು. ಅದರಲ್ಲಿ ಒಂದು ಭಾಗವನ್ನು ರೈತರಿಗೆ ಗೇಣಿಗೆ ಕೊಡುತ್ತಾರೆ. ನೀರಾವರಿ ಹೊಲಗಳಲ್ಲಿ ಪ್ರೈರಿ ಡಾಗ್ ಅನ್ನುವ, ಬಿಲ ತೋಡುವ ಪ್ರಾಣಿಗಳು ತುಂಬಿಕೊಂಡವು. ರೈತರಿಗೆ ಬೇಸಾಯ ಕಷ್ಟವಾಯಿತು, ಇನ್ನೊಂದು ಕಡೆ ಆ ಪ್ರಾಣಿಗಳನ್ನು ಉಳಿಸಬೇಕು ಅನ್ನುವವರೂ ಬಹಳ. ವರ್ಷಗಟ್ಟಲೆ ಸಭೆ, ವಾದ ಆಗಿ, 2020ರಲ್ಲಿ ಕೆಲವು ನೀರಾವರಿ ಹೊಲಗಳಲ್ಲಿ ಕೊಲ್ಲುವುದಕ್ಕೂ ಅವಕಾಶ ಇರುವ ಯೋಜನೆಯನ್ನು ನಗರದ ಕೌನ್ಸಿಲ್ ಒಪ್ಪಿತು. ಆ ತೀರ್ಮಾನ ನಿಮಗೆ ಇಷ್ಟವಾಗಲಿ ಬಿಡಲಿ, ಅದನ್ನು ತೆಗೆದುಕೊಂಡವರು ಜನ ಆರಿಸಿದವರು, ಎಲ್ಲರ ಎದುರು. ಗುತ್ತಿಗೆ ಸಂಸ್ಥೆಯ ಒಬ್ಬ ಅಧಿಕಾರಿ ಬೆಳಗ್ಗೆ ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು.

ಪ್ರಶ್ನೆ: ನನಗೆ ಬೇಸಾಯ ಗೊತ್ತಿಲ್ಲ. ನಮ್ಮ ಹೊಲ ಚೆನ್ನಾಗಿದೆಯಾ ಅಂತ ನಾನು ಹೇಗೆ ತಿಳಿದುಕೊಳ್ಳಲಿ?

ಉತ್ತರ: ಅನುಮತಿ ತಗೊಂಡು ಹೊಲಕ್ಕೆ ಹೋಗಿ. 15 ಸೆಂಟಿಮೀಟರ್ ವ್ಯಾಸದ, ಎರಡೂ ಕಡೆ ತೆರೆದ ಒಂದು ತಗಡಿನ ಬಳೆ, ಒಂದು ಮರದ ತುಂಡು, ಸುತ್ತಿಗೆ, ನೀರು, ಗಡಿಯಾರ ಸಾಕು. ಬಳೆಯನ್ನು ನೆಲಕ್ಕಿಟ್ಟು, ಮೇಲೆ ಮರದ ತುಂಡಿಟ್ಟು, ಅರ್ಧ ಮುಳುಗುವಷ್ಟು ಬಡಿಯಿರಿ. ಒಳಗಿನ ಮಣ್ಣಿನ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಸುಮಾರು 450 ಮಿಲಿಲೀಟರ್ ನೀರು ಸುರಿದು, ಪ್ಲಾಸ್ಟಿಕ್ಕನ್ನು ಮೆಲ್ಲಗೆ ಎಳೆಯಿರಿ. ಅದು ಎರಡೂವರೆ ಸೆಂಟಿಮೀಟರ್ ಮಳೆಗೆ ಸಮ. ನೀರು ಇಂಗಿ ನೆಲ ಬರೀ ಹೊಳೆಯುವ ಹೊತ್ತಿಗೆ ಎಷ್ಟು ನಿಮಿಷ ಆಯಿತು ನೋಡಿ. ಎರಡನೇ ಸಲವೂ ಅಲ್ಲೇ ಸುರಿಯಿರಿ, ಆ ಲೆಕ್ಕ ಹೆಚ್ಚು ನಂಬಿಕೆಯದು. ಆಮೇಲೆ ಅದೇ ಕೆಲಸವನ್ನು ಉಳದೇ ಬಿಟ್ಟ ಬದುವಿನ ಹುಲ್ಲಿನಲ್ಲಿ ಮಾಡಿ ಹೋಲಿಸಿ. ಬದುವಿಗಿಂತ ಹೊಲದಲ್ಲಿ ನೀರು ಇಂಗಲು ತುಂಬ ಹೊತ್ತು ಹಿಡಿದರೆ ಹೊಲದ ಮಣ್ಣು ಕೆಟ್ಟಿದೆ ಅಂತ ಅನುಮಾನ ಪಡಿ.

ನಾನು ಹೀಗೆ ಮಾಡಿದ ಒಂದು ಹೊಲದಲ್ಲಿ ಬದುವಿನ ನೀರು ಎರಡು ಮೂರು ನಿಮಿಷಕ್ಕೆ ಮಾಯವಾಯಿತು. ಹತ್ತು ಹೆಜ್ಜೆ ಆಚೆ, ಉತ್ತ ಜಾಗದಲ್ಲಿ, ಅರ್ಧ ಗಂಟೆ ಕಳೆದರೂ ಕೆಸರು ನೀರು ಬಳೆಯಲ್ಲಿ ಹಾಗೇ ನಿಂತಿತ್ತು. ಗುದ್ದಲಿಯಿಂದ ಒಂದು ಗೇಣು ಅಗೆದರೆ ಕೆಳಗೆ ಹಲಗೆಯ ಹಾಗೆ ಗಟ್ಟಿ ಪದರ ಸಿಕ್ಕಿತು. ಬೇರುಗಳು ಅದನ್ನು ಮುಟ್ಟಿ ಅಡ್ಡಕ್ಕೆ ತಿರುಗಿದ್ದವು. ಒಂದು ಎರೆಹುಳವೂ ಇರಲಿಲ್ಲ. ಬದುವಿನ ಮಣ್ಣು ಮಾತ್ರ ಕೈಯಲ್ಲಿ ಹಿಡಿದರೆ ಹುಡಿ ಹುಡಿಯಾಗಿ ಬಿಡಿಸಿಕೊಳ್ಳುತ್ತಿತ್ತು, ಮಳೆ ಬಿದ್ದ ನೆಲದ ವಾಸನೆ ಇತ್ತು. ಎರಡೂ ಒಂದೇ ಹೊಲದ ಮಣ್ಣು. ಆ ಹೊಲದ ನಿರ್ವಹಣಾ ವರದಿಯಲ್ಲಿ ‘ಸ್ಥಿತಿ ತೃಪ್ತಿಕರ’ ಅಂತ ಬರೆದಿತ್ತು.

ಪ್ರಶ್ನೆ: ನಮ್ಮಲ್ಲಿ ಕರಾರಿಗೆ ಸಹಿ ಆಗಿಹೋಗಿದೆ. ಇನ್ನೇನು ಮಾಡಲು ಸಾಧ್ಯ?

ಉತ್ತರ: ತಡವಾಗಿಲ್ಲ. ಸಂಸ್ಥೆ ಕೆಲಸ ಶುರು ಮಾಡುವ ಮೊದಲು ಪ್ರತಿ ಹೊಲದ ಮಣ್ಣನ್ನೂ ಪರೀಕ್ಷೆ ಮಾಡಿಸಿ ಅಂತ ನಗರಸಭೆಗೆ ಬರೆಯಿರಿ: ಹುಳಿ ಕ್ಷಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಶ್. ಎಲ್ಲಿಂದ ಮಣ್ಣು ತೆಗೆದರು ಅನ್ನುವುದನ್ನು ನಕ್ಷೆಯಲ್ಲಿ ಗುರುತು ಹಾಕಿಸಿ, ಮುಂದಿನ ಸಲ ಅದೇ ಜಾಗದಿಂದ, ವರ್ಷದ ಅದೇ ಕಾಲದಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ಜಮೀನಿನ ಹಳೆಯ ಕಥೆಯೂ ಕಡತದಲ್ಲಿ ಇರಲಿ. ಬರ್ಲಿನ್ ನಗರ 1870ರ ದಶಕದಿಂದ ಸುತ್ತಲಿನ ಜಮೀನು ಕೊಂಡು ಊರಿನ ಕೊಳಚೆ ನೀರು ಹಾಯಿಸಿತು. ಆ ಹೊಲಗಳಲ್ಲಿ ಕೆಲವಕ್ಕೆ ಸೇರಿದ ಸೀಸ, ಕ್ಯಾಡ್ಮಿಯಂನಂಥ ಲೋಹ ಇವತ್ತಿಗೂ ಮಣ್ಣಿನಲ್ಲಿದೆ. ಹೊಸದಾಗಿ ಬಂದ ಗುತ್ತಿಗೆದಾರನಿಗೆ ಇಂಥದ್ದನ್ನು ಯಾರು ಹೇಳಬೇಕು?

ಪರೀಕ್ಷೆಯ ವರದಿಗಳ ಒಂದು ಪ್ರತಿ ಸಂಸ್ಥೆಗೆ ಹೋಗಲಿ, ಮೂಲ ಪ್ರತಿ ನಗರಸಭೆಯಲ್ಲೇ ಇರಲಿ. ಮೊದಲ ಉಳುಮೆಗೆ ಮುಂಚೆ ಇದು ಆಗಬೇಕು, ಹಾಗಾಗಿ ಪತ್ರವನ್ನು ಈ ವಾರವೇ ಬರೆಯಿರಿ.