ಸೇವೆ ಮುಗಿದ ಮೇಲಿನ ದಿನಗಳು: ಸೈನಿಕ ಕುಟುಂಬಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಪತಿ 17 ವರ್ಷ ಸೇನೆಯಲ್ಲಿದ್ದು ಕಳೆದ ವರ್ಷ ನಿವೃತ್ತರಾದರು. ಸೇವೆಯಲ್ಲಿದ್ದಾಗ ಗಟ್ಟಿಯಾಗಿದ್ದವರು ಈಗ ರಾತ್ರಿ ನಿದ್ದೆ ಮಾಡುವುದಿಲ್ಲ, ಸಣ್ಣ ಮಾತಿಗೂ ರೇಗುತ್ತಾರೆ, ಹಳೆಯ ಗೆಳೆಯರ ಫೋನ್ ಬಂದರೂ ಎತ್ತುವುದಿಲ್ಲ. ಅವರು ನೇರ ಕಾಳಗ ಕಂಡವರಲ್ಲ. ‘ಯುದ್ಧವನ್ನೇ ನೋಡದವನಿಗೆ ಏನಾಗಲು ಸಾಧ್ಯ’ ಎಂದು ಮನೆಯವರೇ ಕೇಳುತ್ತಾರೆ. ಇದು ಕಾಯಿಲೆಯೇ?

ಉತ್ತರ: ಮೊದಲ ಮಾತು, ನಿಮ್ಮ ಕಣ್ಣಿಗೆ ಕಂಡದ್ದನ್ನು ನಂಬಿ. ಪತ್ರ ಓದಿ ಕಾಯಿಲೆಗೆ ಹೆಸರಿಡಲು ಆಗುವುದಿಲ್ಲ, ಆದರೆ ನಿದ್ದೆ, ಸಿಟ್ಟು ಮತ್ತು ಒಂಟಿತನ ಮೂರೂ ಒಟ್ಟಿಗೆ ಬಂದು ತಿಂಗಳುಗಟ್ಟಲೆ ಉಳಿದಿವೆಯೆಂದರೆ ವೈದ್ಯರನ್ನು ಕಾಣಲು ಅಷ್ಟೇ ಸಾಕು.

ನಿಮ್ಮ ಮನೆಯವರು ಕೇಳುವ ಪ್ರಶ್ನೆಯಲ್ಲಿ ವೈದ್ಯಶಾಸ್ತ್ರವೂ ಬಹುಕಾಲ ಸಿಕ್ಕಿಬಿದ್ದಿತ್ತು. 1871ರಲ್ಲಿ ಅಮೆರಿಕದ ವೈದ್ಯ ಜೇಕಬ್ ಡಾಕೋಸ್ಟಾ ಅಲ್ಲಿನ ಅಂತರ್ಯುದ್ಧದ ಸೈನಿಕರಲ್ಲಿ ಕಂಡ ಎದೆಬಡಿತ, ಏದುಸಿರು, ದಣಿವುಗಳನ್ನು ಹೃದಯದ ತೊಂದರೆಯಾಗಿ ವರ್ಣಿಸಿದರು. 1915ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಮೈಯರ್ಸ್ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ‘ಶೆಲ್ ಶಾಕ್’, ಅಂದರೆ ಸಿಡಿಗುಂಡಿನ ಆಘಾತದ ಬಗ್ಗೆ ಬರೆದರು. ಸಿಡಿಗುಂಡಿನ ಹತ್ತಿರಕ್ಕೂ ಹೋಗದವರಲ್ಲಿ ಅದೇ ಲಕ್ಷಣಗಳು ಕಾಣತೊಡಗಿದಾಗ ಮೈಯರ್ಸ್ ಅವರಿಗೇ ಆ ಹೆಸರು ಸಾಲದೆನಿಸಿತು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದರಿಂದ ಎಷ್ಟೋ ಜನರ ನೋವಿಗೆ ಮನ್ನಣೆ ಸಿಕ್ಕಿತು. ಆದರೆ ಸೈನಿಕನ ಮನಸ್ಸಿಗೆ ಪೆಟ್ಟಾಗಿದ್ದರೆ ಅದು ರಣರಂಗದಲ್ಲೇ ಆಗಿರಬೇಕು ಎಂಬ ನಂಬಿಕೆಯೂ ಜೊತೆಗೇ ಬೇರೂರಿತು.

ದೊಡ್ಡ ಅಧ್ಯಯನಗಳು ತೋರಿಸುವ ಚಿತ್ರ ಬೇರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಇರಾಕ್ ಯುದ್ಧದ ಕಾಲದಿಂದ ಬ್ರಿಟಿಷ್ ಸೈನಿಕರನ್ನು ಹಿಂಬಾಲಿಸಿ ಅಧ್ಯಯನ ಮಾಡುತ್ತಿದೆ. ಸುಮಾರು 10 ಸಾವಿರ ಮಂದಿಯ ಉತ್ತರಗಳನ್ನು ಆಧರಿಸಿದ ಅದರ 2010ರ ವರದಿಯಲ್ಲಿ ಪಿಟಿಎಸ್‌ಡಿಯ ಲಕ್ಷಣಗಳಿದ್ದವರು ಶೇ 4ರಷ್ಟು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳು ಸುಮಾರು ಶೇ 20ರಷ್ಟು ಜನರಲ್ಲಿದ್ದವು. ಅತಿಯಾದ ಮದ್ಯಸೇವನೆ ಶೇ 13ರಷ್ಟಿತ್ತು. ಕಾಳಗ ಕಾಣದವರೂ ಈ ಲೆಕ್ಕದಲ್ಲಿದ್ದಾರೆ.

ನಿಮ್ಮ ಪತ್ರಕ್ಕೆ ಇನ್ನೂ ಹತ್ತಿರವಾದ ಸಂಗತಿಯೆಂದರೆ ಸೇವೆಯಿಂದ ಹೊರಬರುವುದು. ಅಮೆರಿಕದ 39 ಲಕ್ಷ ಸೈನಿಕರ ದಾಖಲೆಗಳನ್ನು ಪರಿಶೀಲಿಸಿದ 2015ರ ಅಧ್ಯಯನವೊಂದರಲ್ಲಿ ಯುದ್ಧಕ್ಕೆ ಹೋಗಿ ಬಂದದ್ದಕ್ಕೂ ಆತ್ಮಹತ್ಯೆಗೂ ನಂಟು ಕಾಣಲಿಲ್ಲ. ಸೇವೆ ತೊರೆದದ್ದಕ್ಕೂ ಆತ್ಮಹತ್ಯೆಗೂ ನಂಟು ಕಂಡಿತು. ನಾಲ್ಕು ವರ್ಷ ತುಂಬುವ ಮೊದಲೇ ಹೊರಬಿದ್ದವರಲ್ಲಿ ಅಪಾಯ ಹೆಚ್ಚಿತ್ತು. 1996ರಿಂದ 2005ರವರೆಗೆ ಬ್ರಿಟಿಷ್ ಸೇನೆ ಬಿಟ್ಟವರ ಅಧ್ಯಯನದಲ್ಲೂ 24 ವರ್ಷದೊಳಗಿನ ಯುವಕರಲ್ಲಿ ಆತ್ಮಹತ್ಯೆಯ ಅಪಾಯ ಅದೇ ವಯಸ್ಸಿನ ಇತರರಿಗಿಂತ ಎರಡು–ಮೂರು ಪಟ್ಟು ಇತ್ತು. ನಿಮ್ಮ ಪತಿ ಆ ಗುಂಪಿನವರಲ್ಲ, ಗಾಬರಿಯಾಗಬೇಡಿ. ಆದರೆ ಸೇವೆ ಬಿಟ್ಟ ಮೇಲಿನ ಕಾಲ ಎಷ್ಟು ಸೂಕ್ಷ್ಮವಾದದ್ದು ಎಂಬುದು ಮನೆಯವರಿಗೂ ತಿಳಿಯಲಿ. ಬೆಳಗ್ಗೆ ಏಳುವ ಹೊತ್ತು, ಹೆಗಲಿಗೆ ಹೆಗಲಾಗಿದ್ದ ಗೆಳೆಯರು, ತನ್ನ ಮಾತಿಗಿದ್ದ ಬೆಲೆ, ‘ನಾನು ಯಾರು’ ಎಂಬುದಕ್ಕೆ ಸಿದ್ಧವಾಗಿದ್ದ ಉತ್ತರ, ಇವೆಲ್ಲ ಒಂದೇ ದಿನ ಕೈಬಿಟ್ಟು ಹೋಗುತ್ತವೆ.

ಈ ವಾರವೇ ಮಾಡಬೇಕಾದ್ದು ಇಷ್ಟು. ‘ನಿಮಗೇನಾಗಿದೆ’ ಎಂದು ಕೇಳುವ ಬದಲು ನಿದ್ದೆಯ ಬಗ್ಗೆ ಕೇಳಿ. ಮನಸ್ಸಿನ ಮಾತು ಎತ್ತಿದರೆ ಬಾಗಿಲು ಮುಚ್ಚುವವರೂ ನಿದ್ದೆಗಾಗಿ ವೈದ್ಯರ ಬಳಿ ಬರಲು ಒಪ್ಪುತ್ತಾರೆ. ಕುಡಿತ ಹೆಚ್ಚಿದೆಯೇ ಗಮನಿಸಿ. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿ ಬಂದೂಕಿದ್ದರೆ ಅದನ್ನು ಹೊರಗೆ ಸಾಗಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಾನು ಮಾಜಿ ಸೈನಿಕ. ವಿಯೆಟ್ನಾಂ ಯುದ್ಧದಲ್ಲಿದ್ದವರಲ್ಲಿ ಶೇ 30ರಷ್ಟು ಜನಕ್ಕೆ ಪಿಟಿಎಸ್‌ಡಿ ಎಂದು ಒಂದು ಕಡೆ ಓದಿದೆ, ಇನ್ನೊಂದು ಕಡೆ ಶೇ 9 ಎಂದಿತ್ತು. ಇಂಥ ಸುದ್ದಿ ಓದಿದವರು ನಮ್ಮನ್ನು ಮುರಿದುಬಿದ್ದವರಂತೆ ನೋಡುತ್ತಾರೆ. ಯಾವುದು ನಿಜ?

ಉತ್ತರ: ಎರಡೂ ಅಂಕಿಗಳು ಒಂದೇ ಸಮೀಕ್ಷೆಯಿಂದ ಬಂದವು. 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಆ ರಾಷ್ಟ್ರೀಯ ಸಮೀಕ್ಷೆ ‘ಜೀವನದಲ್ಲಿ ಯಾವಾಗಲಾದರೂ ಈ ಕಾಯಿಲೆ ಬಂದಿತ್ತೇ’ ಎಂದು ಲೆಕ್ಕ ಹಾಕಿದಾಗ ಪುರುಷರಲ್ಲಿ ಶೇ 30.9 ಎಂದು ಬಂತು. ‘ಈಗ ಇದೆಯೇ’ ಎಂದಾಗ ಶೇ 15.2. 2006ರಲ್ಲಿ ಬೇರೊಂದು ತಂಡ ಸೇನಾ ದಾಖಲೆಗಳೊಂದಿಗೆ ತಾಳೆ ನೋಡಿ, ದಿನನಿತ್ಯದ ಬದುಕಿಗೆ ನಿಜವಾಗಿ ಅಡ್ಡಿಯಾಗಿದ್ದವರನ್ನಷ್ಟೇ ಎಣಿಸಿತು. ಆಗ ಆ ಅಂಕಿಗಳು ಶೇ 18.7 ಮತ್ತು ಶೇ 9.1ಕ್ಕೆ ಇಳಿದವು. ಆದರೆ ಆ ಮರುಪರಿಶೀಲನೆಯಲ್ಲಿ ಸೈನಿಕರು ಸುಳ್ಳು ಹೇಳಿದ್ದಾರೆ ಎಂಬುದಕ್ಕೆ ಅಷ್ಟಾಗಿ ಪುರಾವೆ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಎಷ್ಟು ಹೆಚ್ಚು ಕಾಳಗ ಕಂಡಿದ್ದರೋ ಅಷ್ಟು ಹೆಚ್ಚು ತೊಂದರೆ ಎಂಬುದು ದಾಖಲೆಗಳಿಂದಲೂ ದೃಢಪಟ್ಟಿತು.

ಆದ್ದರಿಂದ ಶೇಕಡಾವಾರು ಕಂಡಾಗ ಯಾರನ್ನು, ಯಾವಾಗ, ಏನೆಂದು ಕೇಳಿದರು ಎಂಬುದನ್ನು ಹುಡುಕಿ. ಮೇಲೆ ಹೇಳಿದ ಲಂಡನ್ ತಂಡದ ಅಧ್ಯಯನದ ಮುಂದಿನ ಹಂತದಲ್ಲಿ ಒಟ್ಟಾರೆ ಶೇ 6ರಷ್ಟು ಜನರಲ್ಲಿ ಪಿಟಿಎಸ್‌ಡಿ ಲಕ್ಷಣಗಳಿದ್ದರೆ, ಇರಾಕ್ ಅಥವಾ ಅಫ್ಗಾನಿಸ್ತಾನದಲ್ಲಿ ನೇರ ಕಾಳಗದಲ್ಲಿದ್ದು ನಂತರ ಸೇವೆ ಬಿಟ್ಟವರಲ್ಲಿ ಅದು ಶೇ 17 ಆಗಿತ್ತು. ಒಂದೇ ಸೇನೆಯೊಳಗೆ ಇಷ್ಟು ಅಂತರ. ಬಹುಪಾಲು ಸೈನಿಕರು ಸ್ವಸ್ಥರಾಗಿಯೇ ಮನೆ ಸೇರುತ್ತಾರೆ ಎಂಬುದು ನಿಜ. ನರಳುವವರು ಗುಂಪಿನಲ್ಲಿ ಕಳೆದುಹೋಗಬಾರದು ಎಂಬುದೂ ಅಷ್ಟೇ ನಿಜ. ನಿಮ್ಮನ್ನು ಅನುಮಾನದಿಂದ ನೋಡುವವರಿಗೆ ಎರಡನ್ನೂ ಹೇಳಿ.

ಪ್ರಶ್ನೆ: ಕಾರ್ಯಾಚರಣೆ ಮುಗಿಸಿ ಬಂದ ಪ್ರತಿಯೊಬ್ಬರಿಗೂ ಮಾನಸಿಕ ತಪಾಸಣೆ ಕಡ್ಡಾಯ ಮಾಡಿದರೆ ಸಮಸ್ಯೆ ಮುಗಿಯಿತಲ್ಲವೇ?

ಉತ್ತರ: ನನಗೂ ಹಾಗೆ ಆಗಲಿ ಎಂಬಾಸೆ. ಆದರೆ ಅಫ್ಗಾನಿಸ್ತಾನದಿಂದ ಮರಳಿದ ಸುಮಾರು 10 ಸಾವಿರ ಬ್ರಿಟಿಷ್ ಸೈನಿಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಪಾಸಣೆ ಮಾಡಿ ವೈಯಕ್ತಿಕ ಸಲಹೆ ಕೊಟ್ಟ ಗುಂಪಿಗೂ ಸಾಮಾನ್ಯ ಮಾಹಿತಿ ಮಾತ್ರ ಪಡೆದ ಗುಂಪಿಗೂ ಮುಂದೆ ಕಾಯಿಲೆಯ ಪ್ರಮಾಣದಲ್ಲಾಗಲಿ ಸಹಾಯ ಕೇಳುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಕಾರಣ ಊಹಿಸಬಹುದಾದದ್ದೇ. ಇರಾಕಿನಿಂದ ಬಂದ ಅಮೆರಿಕನ್ ಪಡೆಯೊಂದರಲ್ಲಿ ಅದೇ ಬಗೆಯ ಪ್ರಶ್ನೆಗಳನ್ನು ಹೆಸರಿಲ್ಲದ ಹಾಳೆಯಲ್ಲಿ ಕೇಳಿದಾಗ, ಹೆಸರು ಬರೆದ ಅಧಿಕೃತ ನಮೂನೆಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಮಂದಿ ತಮ್ಮ ತೊಂದರೆ ಹೇಳಿಕೊಂಡರು. ಬಡ್ತಿ ಹೋದೀತು, ಜೊತೆಗಾರರ ಮುಂದೆ ಸಣ್ಣವನಾದೇನು ಎಂಬ ಭಯವನ್ನು ಯಾವ ನಮೂನೆಯೂ ಅಳಿಸಲಾರದು. ಭಯ ಹುಟ್ಟಿಸುವ ನಿಯಮಗಳನ್ನೇ ತಿದ್ದಬೇಕು.

ಪ್ರಶ್ನೆ: ಪತಿ ವರ್ಷದ ಬಹುಪಾಲು ದೂರವಿರುತ್ತಾರೆ. ಇಬ್ಬರು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುತ್ತೇನೆ. ತಂದೆಯ ಗೈರುಹಾಜರಿಯಿಂದ ಮಕ್ಕಳ ಮನಸ್ಸು ಕೆಡುತ್ತದೆಯೇ?

ಉತ್ತರ: ಬ್ರಿಟನ್ನಿನಲ್ಲಿ ಸೈನಿಕ ತಂದೆಯರ ಮಕ್ಕಳ ಮೇಲೆ ನಡೆದ 2018ರ ಅಧ್ಯಯನ ನಿಮಗೆ ಸ್ವಲ್ಪ ನೆಮ್ಮದಿ ಕೊಡಬಹುದು. ತಂದೆ ಯುದ್ಧಕ್ಕೆ ಹೋಗಿದ್ದ ಮಾತ್ರಕ್ಕೆ ಮಕ್ಕಳಲ್ಲಿ ಭಾವನಾತ್ಮಕ ಅಥವಾ ನಡವಳಿಕೆಯ ತೊಂದರೆ ಹೆಚ್ಚಿರಲಿಲ್ಲ. ತಂದೆಗೆ ಪಿಟಿಎಸ್‌ಡಿ ಲಕ್ಷಣಗಳಿದ್ದಾಗ ಮಕ್ಕಳಲ್ಲಿ ಅತಿಚಟುವಟಿಕೆಯಂಥ ತೊಂದರೆ ಹೆಚ್ಚು ಕಂಡಿತು. ತಂದೆಗೆ ಚಿಕಿತ್ಸೆ ಕೊಡಿಸುವುದು ಮಕ್ಕಳಿಗೂ ನೆರವಾದೀತು ಎಂಬುದು ನನ್ನ ಅಭಿಪ್ರಾಯ.

ನೀವು ಮಕ್ಕಳ ಬಗ್ಗೆ ಕೇಳಿದಿರಿ, ನಿಮ್ಮ ಬಗ್ಗೆ ಒಂದು ಸಾಲೂ ಬರೆದಿಲ್ಲ. ಸಂಶೋಧನೆಯೂ ಬಹುಕಾಲ ಹೀಗೆಯೇ ಪತ್ನಿಯರನ್ನು ದಾಟಿ ಹೋಗಿತ್ತು. ಅಮೆರಿಕದ ಸೈನಿಕರನ್ನು ದೀರ್ಘಕಾಲ ಹಿಂಬಾಲಿಸುವ ಮಿಲೆನಿಯಂ ಅಧ್ಯಯನ 2001ರಲ್ಲಿ ಆರಂಭವಾದರೆ ಅದರ ಕುಟುಂಬ ವಿಭಾಗ ಶುರುವಾದದ್ದು ಹತ್ತು ವರ್ಷದ ನಂತರ. ಪೋಷಕರು ಮತ್ತು ಒಡಹುಟ್ಟಿದವರ ಬಗ್ಗೆ ಇಂದಿಗೂ ಅಧ್ಯಯನಗಳು ತೀರಾ ಕಡಿಮೆ. ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕ ಪತ್ನಿಯರ ವೈದ್ಯಕೀಯ ದಾಖಲೆಗಳನ್ನು ನೋಡಿದ 2010ರ ಅಧ್ಯಯನದಲ್ಲಿ ಪತಿ ದೂರವಿದ್ದ ತಿಂಗಳುಗಳು ಹೆಚ್ಚಿದಂತೆ ಪತ್ನಿಯರಲ್ಲಿ ಖಿನ್ನತೆ, ಆತಂಕ ಮತ್ತು ನಿದ್ದೆಯ ತೊಂದರೆಗಳೂ ಹೆಚ್ಚಿದ್ದವು. ಅದೇ ವರ್ಷದ ಇನ್ನೊಂದು ಅಧ್ಯಯನ ಮನೆಯಲ್ಲಿ ಉಳಿದ ಪೋಷಕರ ಮನಸ್ಸು ಕುಗ್ಗಿದ್ದಷ್ಟೂ ಮಕ್ಕಳ ಕಷ್ಟ ಹೆಚ್ಚಿದ್ದನ್ನು ಕಂಡಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಿಮಗೆ ಬಿಡುವು ಮತ್ತು ನೆರವು ಸಿಗಬೇಕು ಎನ್ನಲು ಇದು ಬಲವಾದ ಆಧಾರ.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿಮಗೆ ನಿದ್ದೆ ಬರುತ್ತಿಲ್ಲವೆಂದರೆ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲವೆಂದರೆ, ಪತಿ ರಜೆಗೆ ಬರುವವರೆಗೆ ಕಾಯಬೇಡಿ. ಮಕ್ಕಳನ್ನು ಒಂದು ಹೊತ್ತು ಯಾರ ಬಳಿಯಾದರೂ ಬಿಟ್ಟು, ನೀವೇ ಹೋಗಿ ವೈದ್ಯರನ್ನು ಕಾಣಿರಿ.