ಶಿಕ್ಷೆ ಮುಗಿದ ಮರುದಿನ

ಓದುಗರೊಬ್ಬರ ಪತ್ರ: ‘ಮತ್ತೆ ಅದೇ ಕೃತ್ಯ ಎಸಗುತ್ತಾನೆಂದು ಮನೋವೈದ್ಯರೇ ಎಚ್ಚರಿಸುವ ಲೈಂಗಿಕ ಅಪರಾಧಿಯನ್ನು, ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಬಿಡಬೇಕೆ? ಅಮೆರಿಕ, ಜರ್ಮನಿಗಳಲ್ಲಿ ಬಿಡುವುದಿಲ್ಲವಂತೆ. ಅವನು ನಿಮ್ಮ ಪಕ್ಕದ ಮನೆಗೇ ಬಂದರೆ?’

ಸಂಪಾದಕರ ಉತ್ತರ: ಪಕ್ಕದ ಮನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನೀವು ಜೋಡಿಸಿ ಹೇಳಿದ ಎರಡು ದೇಶಗಳು ಈ ವಿಷಯದಲ್ಲಿ ಜೋಡಿಯಲ್ಲ.

ಅಮೆರಿಕದ ಕಾನ್ಸಾಸ್ ರಾಜ್ಯ 1994ರಲ್ಲಿ, ಶಿಕ್ಷೆ ಮುಗಿದ ಮೇಲೂ ಇಂಥವರನ್ನು ಒಳಗಿಡುವ ಕಾನೂನು ಮಾಡಿತು. ಅದರಡಿ ಮೊದಲು ಸಿಕ್ಕಿಬಿದ್ದ ಹೆಂಡ್ರಿಕ್ಸ್ ಮಕ್ಕಳ ಮೇಲೆ ಪದೇ ಪದೇ ದೌರ್ಜನ್ಯ ಎಸಗಿದವನು. ಸುಮಾರು ಹತ್ತು ವರ್ಷ ಜೈಲಿನಲ್ಲಿ ಕಳೆದು ಬಿಡುಗಡೆಯ ಹೊಸ್ತಿಲಲ್ಲಿದ್ದ. ತಾನು ಸತ್ತರೆ ಮಾತ್ರ ಇದು ಖಂಡಿತ ನಿಲ್ಲುತ್ತದೆ ಎಂದು ಅವನೇ ಒಪ್ಪಿಕೊಂಡ. ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು. ಇದು ಸಿವಿಲ್ ಸ್ವರೂಪದ ಬಂಧನ, ಶಿಕ್ಷೆಯೇ ಅಲ್ಲ. ಶಿಕ್ಷೆಯಲ್ಲವಾದ್ದರಿಂದ ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಎಂಬ ಮಾತೂ ಏಳುವುದಿಲ್ಲ ಎಂದಿತು. ಬೀಗ ಅದೇ, ಬಾಗಿಲ ಮೇಲಿನ ಫಲಕ ಬೇರೆ!

ಜರ್ಮನಿಯ ಕಾನೂನು 1933ರದು, ನಾಜಿಗಳ ಕಾಲದ್ದು. ಮೊದಲ ಸಲದ ಇಂಥ ಬಂಧನಕ್ಕೆ ಇದ್ದ ಹತ್ತು ವರ್ಷಗಳ ಮಿತಿಯನ್ನು 1998ರಲ್ಲಿ ತೆಗೆದುಹಾಕಿ, ಆಗಲೇ ಒಳಗಿದ್ದವರಿಗೂ ಅನ್ವಯಿಸಿದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಇದನ್ನು ಒಪ್ಪಲಿಲ್ಲ. ಹೆಸರು ಏನೇ ಇಡಿ, ಜೈಲಿನ ಆವರಣದಲ್ಲೇ ಕೂಡಿಹಾಕಿದರೆ ಅದು ಶಿಕ್ಷೆಯೇ ಎಂದಿತು. 2011ರಲ್ಲಿ ಜರ್ಮನಿಯದೇ ಸಾಂವಿಧಾನಿಕ ನ್ಯಾಯಾಲಯ ಈ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿ, ಇಂಥವರ ಬದುಕು ಕೈದಿಗಳ ಬದುಕಿಗಿಂತ ಎದ್ದು ಕಾಣುವಷ್ಟು ಬೇರೆಯಾಗಿರಬೇಕು, ಚಿಕಿತ್ಸೆ ನಿಜವಾಗಿ ನಡೆಯಬೇಕು ಎಂದು ವಿಧಿಸಿತು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾನೂನಿಗೂ ಇದೇ ಎಳೆದಾಟ: ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2004ರಲ್ಲಿ ಸರಿ ಎಂದಿತು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2010ರಲ್ಲಿ ತಪ್ಪೆಂದಿತು.

ಚಿಕಿತ್ಸೆಯ ಹೆಸರು ಎಷ್ಟು ಪೊಳ್ಳಾಗಬಹುದೆಂದು ತಿಳಿಯಲು ಅಮೆರಿಕದ ಮಿನ್ನೆಸೋಟ ರಾಜ್ಯವನ್ನು ನೋಡಿ. ಚಿಕಿತ್ಸೆಗೆಂದು ಇಂಥವರನ್ನು ಕೂಡಿಹಾಕುವ ಅಲ್ಲಿನ ಕಾರ್ಯಕ್ರಮ ಶುರುವಾಗಿ ಇಪ್ಪತ್ತು ವರ್ಷ ಕಳೆದರೂ ಒಬ್ಬನೇ ಒಬ್ಬ ಸಂಪೂರ್ಣ ಬಿಡುಗಡೆ ಕಂಡಿರಲಿಲ್ಲ. ಇದು ಸಂವಿಧಾನಬಾಹಿರವೆಂದು 2015ರಲ್ಲಿ ನ್ಯಾಯಾಧೀಶರೊಬ್ಬರು ಹೇಳಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಗುಣವಾಗಿ ಯಾರೂ ಹೊರಬಾರದ ಆಸ್ಪತ್ರೆಯನ್ನು ಆಸ್ಪತ್ರೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನನಗೆ ಒಪ್ಪಿಗೆಯಾಗುವುದು ಕೆನಡಾದ ದಾರಿ. ಅಲ್ಲಿ ‘ಅಪಾಯಕಾರಿ ಅಪರಾಧಿ’ ಎಂಬ ತೀರ್ಮಾನ ಶಿಕ್ಷೆ ವಿಧಿಸುವ ಹಂತದಲ್ಲೇ ಆಗುತ್ತದೆ. ಅವಧಿ ಅನಿರ್ದಿಷ್ಟವಾದರೆ ಏಳು ವರ್ಷಗಳ ನಂತರ ಪೆರೋಲ್ ಮಂಡಳಿ ಪರಿಶೀಲಿಸುತ್ತದೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಕಠಿಣ, ನಿಜ. ಆದರೆ ಬಿಡುಗಡೆಯ ಹಿಂದಿನ ದಿನ ಬಂದು ಲೆಕ್ಕ ಬದಲಿಸುವುದಿಲ್ಲ.

ಇನ್ನು ಪಕ್ಕದ ಮನೆ. ಬಂದರೆ ಹೆದರುತ್ತೇನೆ, ಮಕ್ಕಳನ್ನು ಆ ಕಡೆ ಬಿಡುವುದಿಲ್ಲ. ಆದರೆ ಅವನನ್ನು ಒಳಗಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಹಾಗೆ ಹೆದರಿದ ನನ್ನನ್ನು ದಯವಿಟ್ಟು ಕೂರಿಸಬೇಡಿ.